ಬಿಲ್ಲೆಗೆ ಎರಡು ಕೋಟ್ ಬಣ್ಣ

ಬಣ್ಣ ಒಣಗಿದ ಮೇಲೆ ಬಿಲ್ಲೆಯ ದಪ್ಪ ಹನ್ನೆರಡು ಪಾಯಿಂಟ್ ನಾಲ್ಕು ಮಿಲಿಮೀಟರ್ ಇತ್ತು. ಬಣ್ಣ ಬಳಿಯುವ ಮೊದಲು ಸರಿಯಾಗಿ ಹನ್ನೆರಡು. ಎರಡು ಸಲವೂ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದವಳು ನಾನೇ. ಎರಡೂ ಅಳತೆಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟವಳೂ ನಾನೇ. ಅಳತೆಯಲ್ಲಿ ತಪ್ಪಿರಲಿಲ್ಲ. ಹೆಚ್ಚಾದ ಆ ಸೊನ್ನೆ ಪಾಯಿಂಟ್ ನಾಲ್ಕು ಗಾಡಿಯ ಚಕ್ರಕ್ಕೆ ಏನು ಮಾಡಬಹುದು ಎಂದು ಮಾತ್ರ ನಾನು ಯೋಚಿಸಲಿಲ್ಲ.

ಬಿಲ್ಲೆ ಎಂಬುದು ನಮ್ಮ ಮನೆಯ ಮಾತು. ಅಂಗಡಿಯವರು ಸ್ಪೇಸರ್ ಎನ್ನುತ್ತಾರೆ. ಚಕ್ರಕ್ಕೂ ಅದು ಕೂರುವ ಹಬ್ಬಿಗೂ ನಡುವೆ ಹಾಕುವ ಉಕ್ಕಿನ ತಟ್ಟೆ ಅದು. ನಡುವೆ ಒಂದು ದೊಡ್ಡ ತೂತು, ಸುತ್ತ ಐದು ಸಣ್ಣ ತೂತು. ಅದನ್ನು ಹಾಕಿದರೆ ಚಕ್ರ ಅಷ್ಟರಮಟ್ಟಿಗೆ ಹೊರಕ್ಕೆ ಬರುತ್ತದೆ. ನಮ್ಮ ಪಿಕಪ್‌ಗೆ ಹದಿನೈದು ವರ್ಷ ತುಂಬಿದೆ. ಮೂರು ವರ್ಷದ ಹಿಂದೆ ಅಪ್ಪ ಚನ್ನರಾಯಪಟ್ಟಣದಿಂದ ಎರಡು ಸೆಕೆಂಡ್‌ಹ್ಯಾಂಡ್ ಟೈರು ತಂದಿದ್ದ. ಟೈರು ಚೆನ್ನಾಗಿದ್ದವು, ಆದರೆ ನಮ್ಮ ಗಾಡಿಗೆ ಅಗಲ ಜಾಸ್ತಿ. ಹಿಂದಕ್ಕೆ ಹಾಕಿದರೆ ಒಳಮಗ್ಗುಲು ಸ್ಪ್ರಿಂಗ್ ಪಟ್ಟಿಗೆ ಉಜ್ಜುತ್ತಿತ್ತು. ಅದಕ್ಕೆ ಹೊಳೆನರಸೀಪುರದ ಒಬ್ಬ ಲೇತಿನವರ ಹತ್ತಿರ ಎರಡು ಬಿಲ್ಲೆ ಕಡೆಸಿ, ಹಬ್ಬಿಗೆ ನಟ್ ಕೂರುವ ಉದ್ದನೆಯ ಸ್ಟಡ್ ಹಾಕಿಸಿ, ಚಕ್ರವನ್ನು ಹೊರಕ್ಕೆ ತಂದ. ಉಜ್ಜುವುದು ನಿಂತಿತು. ಜೋಳದ ಕಡ್ಡಿ ಎತ್ತರಕ್ಕೆ ಹೇರಿದಾಗ ಗಾಡಿ ಮೊದಲಿನಷ್ಟು ಓಲಾಡುವುದಿಲ್ಲ ಎಂದೂ ಅವನು ಹೇಳುತ್ತಿದ್ದ. ಅದನ್ನು ನಾನು ನಂಬಲಿಲ್ಲ, ಎದುರು ಮಾತೂ ಆಡಲಿಲ್ಲ.

ಹೀಗೆ ಮಾಡುವುದು ನಿಯಮಕ್ಕೆ ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ ಗಾಡಿಯನ್ನು ಎಫ್‌ಸಿಗೆಂದು, ಅಂದರೆ ಫಿಟ್‌ನೆಸ್ ತಪಾಸಣೆಗೆಂದು, ಹಾಸನಕ್ಕೆ ಒಯ್ಯುವಾಗ ಅಪ್ಪ ಬಿಲ್ಲೆ ಬಿಚ್ಚಿ ಹಳೆಯ ಟೈರು ಹಾಕಿಕೊಂಡು ಹೋಗುತ್ತಾನೆ. ಬಂದ ಮೇಲೆ ಮತ್ತೆ ಬಿಲ್ಲೆ, ಮತ್ತೆ ಅಗಲದ ಟೈರು. ನಮ್ಮ ಕಡೆ ಹಳೆಯ ಪಿಕಪ್ ಇಟ್ಟುಕೊಂಡವರಲ್ಲಿ ಹೀಗೆ ಮಾಡುವವರು ಅವನೊಬ್ಬನೇ ಅಲ್ಲ.

ಆ ವರ್ಷ ಎಫ್‌ಸಿ ಬಂದದ್ದು ಆಯುಧಪೂಜೆಯ ಹಿಂದಿನ ವಾರ. ಬಿಲ್ಲೆಗಳು ನಾಲ್ಕು ದಿನ ಜಗಲಿಯ ಮೇಲೆ ಬಿದ್ದಿದ್ದವು. ನಾನು ಹಾಸನದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ದಸರಾ ರಜೆಗೆ ಊರಿಗೆ ಬಂದಿದ್ದೆ. ಅರಕಲಗೂಡಿನಿಂದ ಆರು ಕಿಲೋಮೀಟರ್ ಹೊಳೆನರಸೀಪುರದ ಕಡೆಗಿದೆ ನಮ್ಮೂರು. ಆಯುಧಪೂಜೆ ಎಂದರೆ ಮನೆಯಲ್ಲಿರುವ ಕಬ್ಬಿಣವೆಲ್ಲ ಹೊರಗೆ ಬರುವ ದಿನ. ಗುದ್ದಲಿ, ಹಾರೆ, ಕುಡುಗೋಲು, ಈಳಿಗೆಮಣೆ, ಔಷಧಿ ಹೊಡೆಯುವ ಪಂಪು, ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಡಬೇಕು. ತೊಳೆಯುವ ಕೆಲಸ ಯಾವಾಗಲೂ ನನ್ನದು. ಬಿಲ್ಲೆಗಳ ಮೇಲೆ ತುಕ್ಕು ಹಿಡಿದಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ಗೇಟಿಗೆ ಬಳಿದು ಉಳಿದಿದ್ದ ಕಪ್ಪು ಎನಾಮೆಲ್ ಬಣ್ಣವನ್ನು ಬಳಿದೆ. ಮೊದಲ ದಿನ ಒಂದು ಕೋಟ್, ಮರುದಿನ ಇನ್ನೊಂದು. ಅಂಚಿಗೆ ಮಾತ್ರವಲ್ಲ, ಎರಡೂ ಮುಖಕ್ಕೆ. ಅರ್ಧಂಬರ್ಧ ಕೆಲಸ ನನಗೆ ಒಗ್ಗುವುದಿಲ್ಲ.

ಪೂಜೆಯ ಹಿಂದಿನ ಸಂಜೆ ಅಪ್ಪನೇ ಬಿಲ್ಲೆ ಹಾಕಿ ಚಕ್ರ ಏರಿಸಿದ. ಗ್ಯಾರೇಜಿನವರೆಲ್ಲ ಅಂಗಡಿ ತೊಳೆಯುವ ಗಡಿಬಿಡಿಯಲ್ಲಿದ್ದರು. ಬಣ್ಣ ನೋಡಿ ಅವನಿಗೆ ಖುಷಿಯಾಯಿತು. ಬೆರಳಿನಿಂದ ಒಮ್ಮೆ ಸವರಿ, ಅಂಗಡಿಯಿಂದ ಈಗ ತಂದ ಹಾಗಿದೆ ಎಂದ. ನಟ್‌ಗಳಿಗೆ ಸ್ಪ್ಯಾನರ್ ಹಾಕಿ, ಕಾಲಲ್ಲಿ ತುಳಿದು ಬಿಗಿ ಮಾಡಿದ. ನಾನು ಟಾರ್ಚ್ ಹಿಡಿದಿದ್ದೆ.

ಮರುದಿನ ಬೆಳಿಗ್ಗೆ ಹೂವು, ಬೂದುಗುಂಬಳಕಾಯಿ ತರಲು ಸ್ಕೂಟರಿನಲ್ಲಿ ಅರಕಲಗೂಡಿಗೆ ಹೋದೆ. ಅಪ್ಪನ ಗಾಡಿಯನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕಿಗೆ ಪ್ರತಿ ವರ್ಷ ಪೂಜೆಗೆಂದು ನಮ್ಮ ಹಿತ್ತಲಿನ ಬಾಳೆಹಣ್ಣು ಕೊಡುವುದು ರೂಢಿ. ಗ್ಯಾರೇಜಿನ ಬಾಗಿಲಲ್ಲಿ ಅವರು ಕಂಪ್ರೆಸರಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದರು. ಎಫ್‌ಸಿ ಆಯಿತೇ, ಬಿಲ್ಲೆ ವಾಪಸ್ಸು ಹಾಕಿದಿರಾ ಎಂದು ಕೇಳಿದರು. ಅಪ್ಪನೇ ಹಾಕಿದರು, ನಾನು ಬಣ್ಣ ಬಳಿದಿದ್ದೆ ಎಂದೆ. ಸುಮ್ಮನೆ ಹೇಳಿದ ಮಾತು ಅದು. ಅವರ ಕೈ ಹಾರದ ಮೇಲೆ ನಿಂತಿತು.

“ಒಳ್ಮೈಗೂ ಬಳ್ದ್ಯೇನವ್ವಾ?”

“ಎರಡೂ ಕಡೆ. ಎರಡೆರಡು ಕೋಟ್.”

“ಅದು ಕಾಣೋ ಸಾಮಾನಲ್ಲ ಕಣವ್ವ. ಅಲ್ಲಿ ಕಬ್ಬಿಣಕ್ಕೆ ಕಬ್ಬಿಣಾನೇ ತಗುಲ್ಬೇಕು. ಮಧ್ಯಕ್ಕೆ ಬಣ್ಣ ಬಂದ್ರೆ ಗಾಡಿ ಓಡ್ತಾ ಓಡ್ತಾ ಅದು ಜಜ್ಜೋಯ್ತದೆ. ಅದು ಜಜ್ಜೋದಂಗೆಲ್ಲಾ ನಟ್ಟು ಸಡ್ಲ ಆಯ್ತದೆ.”

ಅವರು ಹೇಳುವ ಮೊದಲೇ, “ಒಳ್ಮೈ” ಎಂದ ಕ್ಷಣದಲ್ಲೇ, ನನಗೆ ಅರ್ಥವಾಗಿತ್ತು. ಒಂದು ಬದಿಗೆ ಸೊನ್ನೆ ಪಾಯಿಂಟ್ ಎರಡು. ಎರಡು ಬದಿಗೆ ನಾಲ್ಕು. ಅದೇ ಪಾಠವನ್ನು ಬೇರೆ ಮಾತಿನಲ್ಲಿ ನಾನು ಹುಡುಗಿಯರಿಗೆ ಹೇಳಿಕೊಡುತ್ತೇನೆ.

ಗಾಡಿ ಇನ್ನೂ ಓಡಿಲ್ಲ ಎಂದೆ. ಹಾಗಾದರೆ ಬಚಾವು ಎಂದರು. ಇವತ್ತು ನಿಂಬೆಹಣ್ಣು ತುಳಿಸಿ ನಿಲ್ಲಿಸಿಬಿಡಿ, ನಾಳೆ ಬಿಚ್ಚಿ ಬಣ್ಣ ಕೆರೆದು ಹಾಕಿ, ಅಲ್ಲಿಯವರೆಗೆ ಲೋಡ್ ಏರಿಸಬೇಡಿ ಎಂದರು. ಅನಿವಾರ್ಯವಾಗಿ ಏರಿಸಬೇಕಾಗಿ ಬಂದರೆ ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಎಲ್ಲವನ್ನೂ ಕೊನೆಯವರೆಗೆ ಕೇಳಿ ತಿಳಿದುಕೊಳ್ಳುವುದು ನನ್ನ ಅಭ್ಯಾಸ.

“ಹತ್ತ್ ಕಿಲೋಮೀಟ್ರಿಗೊಂದ್ಸಲ ಇಳ್ದು ಬಿಗಿ ಮಾಡ್ಕಂಡೋಗ್ಬೇಕು. ಒಂದ್ಸಲಾನೂ ತಪ್ಪಿಸ್ದಂಗೆ.”

ಮನೆಗೆ ಬರುವಷ್ಟರಲ್ಲಿ ಪೂಜೆಗೆ ಎಲ್ಲವೂ ಅಣಿಯಾಗಿತ್ತು. ನಡುಮನೆಯಲ್ಲಿ ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ ಆಯುಧಗಳನ್ನು ಇಟ್ಟಿದ್ದರು. ಕುಡುಗೋಲಿಗೂ ಈಳಿಗೆಮಣೆಗೂ ನಡುವೆ ಗಾಡಿಯ ವೀಲ್ ಸ್ಪ್ಯಾನರ್, ಪಕ್ಕದಲ್ಲಿ ಜಾಕು. ಒಂದೊಂದಕ್ಕೂ ವಿಭೂತಿ, ಅರಿಶಿನ, ಕುಂಕುಮ. ಹಾಗೆ ಪೂಜೆಗೆ ಇಟ್ಟದ್ದನ್ನು ಮರುದಿನ ಬೆಳಿಗ್ಗೆಯವರೆಗೆ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅವಕ್ಕೂ ಒಂದು ದಿನ ಬಿಡುವು ಬೇಕು ಎನ್ನುತ್ತಾನೆ ಅಪ್ಪ. ಆ ದಿನಕ್ಕೆ ಬೇಕಾದ ಹುಲ್ಲನ್ನು ಹಿಂದಿನ ದಿನವೇ ಕೊಯ್ದು ತರುತ್ತಾನೆ. ಅಮ್ಮ ತರಕಾರಿಯನ್ನು ಪೂಜೆಗೆ ಮೊದಲೇ ಹೆಚ್ಚಿಟ್ಟುಕೊಳ್ಳುತ್ತಾಳೆ. ಉಳಿದ ದೇವರ ಕೆಲಸಗಳಲ್ಲಿ ಅಪ್ಪ ಅಷ್ಟು ಗಟ್ಟಿಯಲ್ಲ. ಇದೊಂದರಲ್ಲಿ ಗಟ್ಟಿ.

ಅಂಗಳದಲ್ಲಿ ಗಾಡಿಗೆ ಬಾಳೆಕಂದು ಕಟ್ಟಿದ್ದರು. ನೆಂಟರು ಬಂದಿದ್ದರು. ಅಪ್ಪನನ್ನು ಒಂದು ಕಡೆಗೆ ಕರೆದು ಹೇಳೋಣ ಎಂದು ಹತ್ತಿರ ಹೋದೆ. ಅದೇ ಹೊತ್ತಿಗೆ ನನ್ನ ಸೋದರಮಾವ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಕುಕ್ಕರಗಾಲಲ್ಲಿ ಕೂತಿದ್ದವನು, ಒಳಗೆ ಕಪ್ಪಗೆ ಹೊಳೆಯುತ್ತಿದ್ದ ಬಿಲ್ಲೆಯ ಅಂಚನ್ನು ಕಂಡ. ಎಲ್ಲರಿಗೂ ಕೇಳುವ ಹಾಗೆ ಅಪ್ಪನನ್ನು ಕೇಳಿದ.

“ಅಲ್ಲ ಭಾವ, ಮಗಳ ಕಾಲ್ಗೆ ಹಾಕ್ಸೋಕ್ ಮುಂಚೆ ಗಾಡಿ ಕಾಲ್ಗೆ ಕಾಲುಂಗ್ರ ಹಾಕ್ಸ್ಬುಟ್ಟಲ್ಲಾ?”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅವಳೇ ಬಣ್ಣ ಬಳಿದದ್ದು, ಅಷ್ಟು ಒಪ್ಪವಾಗಿ ಯಾರು ಬಳಿಯುತ್ತಾರೆ ಹೇಳು ಎಂದ. ನನ್ನ ಪರ ವಹಿಸಿ ಆಡಿದ ಮಾತು ಅದು. ಅದಾದ ಮೇಲೆ ನಾನು ಹಿಂದೆ ಸರಿದು ನೆಂಟರ ನಡುವೆ ನಿಂತೆ. ಗಾಡಿ ಇವತ್ತು ಅಂಗಳ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ನಾಳೆ ಬೆಳಿಗ್ಗೆ ಅಪ್ಪ ಒಬ್ಬನೇ ಇದ್ದಾಗ ಹೇಳುತ್ತೇನೆ ಎಂದುಕೊಂಡೆ. ಲೆಕ್ಕ ಸರಿಯಾಗಿಯೇ ಇತ್ತು. ಪೂಜೆಯಾಯಿತು. ಗಾಡಿ ನಾಲ್ಕು ನಿಂಬೆಹಣ್ಣು ತುಳಿದು, ಕುಂಬಳಕಾಯಿ ಒಡೆಸಿಕೊಂಡು, ಹತ್ತು ಮಾರು ಮುಂದೆ ಹೋಗಿ ನಿಂತಿತು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹಿಂದಿನ ಬೀದಿಯ ದೊಡ್ಡವ್ವ ಬಂದಳು. ಸಂಬಂಧದಲ್ಲಿ ನನಗೆ ಏನೂ ಆಗಬೇಕಿಲ್ಲ. ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ಒಬ್ಬಳೇ ಇರುವ ಹೆಂಗಸು. ಶುಂಠಿ ಹೊಲಗಳಲ್ಲಿ ಕೂಲಿ ಮಾಡುತ್ತಾಳೆ. ಒಂದು ಹಸು ಇಟ್ಟುಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಆ ಹಸು ಬೆಳಿಗ್ಗೆಯಿಂದ ನೋವು ತಿನ್ನುತ್ತಿತ್ತು. ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದು ಹಾಗೇ ನಿಂತಿತ್ತು. ಪಶು ಆಸ್ಪತ್ರೆಯ ಕಾಂಪೌಂಡರ್ ಬಂದು ಕೈ ಹಾಕಿ ನೋಡಿ, ಕರುವಿನ ತಲೆ ಹಿಂದಕ್ಕೆ ತಿರುಗಿದೆ, ನನ್ನಿಂದ ಆಗುವುದಿಲ್ಲ ಎಂದಿದ್ದರು. ಹೊಳೆನರಸೀಪುರದ ಡಾಕ್ಟರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಹಾಸನದ ದೊಡ್ಡ ದನಗಳ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಇದ್ದಾರೆ, ಸಂಜೆಯೊಳಗೆ ಒಯ್ದರೆ ಹಸುವಾದರೂ ಉಳಿಯಬಹುದು ಎಂದು ಕಾಂಪೌಂಡರೇ ಫೋನ್ ಮಾಡಿ ವಿಚಾರಿಸಿ ಹೇಳಿದ್ದರು.

ಅವಳು ಗಾಡಿ ಕೇಳಲಿಲ್ಲ. ಹಸುವಿನ ಸ್ಥಿತಿಯನ್ನಷ್ಟೇ ಹೇಳಿ ಬಾಗಿಲ ಹತ್ತಿರ ನಿಂತಳು. ಅಪ್ಪ ಎಲೆಯ ಮುಂದಿನಿಂದ ಎದ್ದು ಗಾಡಿಯ ಕೀ ತೆಗೆದುಕೊಂಡ.

ಆಗ ಹೇಳಬೇಕಿತ್ತು. ಅದನ್ನು ನಾನು ಆಮೇಲೆ ಬಹಳ ಸಲ ನೆನೆದಿದ್ದೇನೆ. ಆದರೆ ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಗಡಿಯಾರ. ಬಿಲ್ಲೆ ಬಿಚ್ಚಿ ಬಣ್ಣ ಕೆರೆದು ಹಾಕಲು ಎರಡು ಗಂಟೆ. ಬಿಲ್ಲೆ ತೆಗೆದು ಹಳೆಯ ಟೈರು ಹಾಕೋಣವೆಂದರೆ ಎಫ್‌ಸಿ ಮುಗಿದ ಮೇಲೆ ಅವನ್ನು ಅಪ್ಪ ಗೊಬ್ಬರದ ಟ್ರೈಲರಿಗೆ ಹಾಕಿಬಿಟ್ಟಿದ್ದ. ಬೇರೆ ಗಾಡಿ ಕರೆಯೋಣವೆಂದರೆ ಊರಿನ ಗಾಡಿಗಳೆಲ್ಲ ಪೂಜೆಯಲ್ಲಿ, ಡ್ರೈವರುಗಳು ಊಟದಲ್ಲಿ. ಒಪ್ಪಿಸಿ ಹೊರಡಿಸಲು ಎಷ್ಟು ಹೊತ್ತಾಗುತ್ತಿತ್ತೋ. ಹಾಸನ ಸುಮಾರು ಮೂವತ್ತಾರು ಕಿಲೋಮೀಟರ್. ಹತ್ತಕ್ಕೊಂದು ಸಲ ನಿಲ್ಲಿಸಿದರೆ ಮೂರು ಸಲ. ಅದಕ್ಕೆ ಸ್ಪ್ಯಾನರ್ ಬೇಕು.

ಎಲ್ಲರೂ ಹಸುವನ್ನು ಹತ್ತಿಸಲು ಹೋದಾಗ ನಾನು ನಡುಮನೆಗೆ ಹೋಗಿ ಮಣೆಯ ಮೇಲಿಂದ ಸ್ಪ್ಯಾನರ್ ಎತ್ತಿಕೊಂಡೆ. ಅದರ ಮೇಲಿಟ್ಟಿದ್ದ ಹೂವು ಕೆಳಗೆ ಬಿತ್ತು. ಗೋಣಿಚೀಲದಲ್ಲಿ ಸುತ್ತಿ ತಿರುಗಿದರೆ ಬಾಗಿಲಲ್ಲಿ ಅಮ್ಮ. ಅವಳ ಕಣ್ಣು ಚೀಲದ ಮೇಲೆ ಹೋಯಿತು, ಮಣೆಯ ಮೇಲೆ ಖಾಲಿಯಾದ ಜಾಗಕ್ಕೆ ಹೋಯಿತು. ನಾನು ಅಪ್ಪನ ಜೊತೆ ಹೋಗಿ ಬರುತ್ತೇನೆ ಎಂದೆ. ಅಂಗಳ ದಾಟುವಾಗ ಹಿಂತಿರುಗಿ ನೋಡಿದೆ. ಅವಳು ಕುಡುಗೋಲಿನ ಹಿಡಿಯನ್ನು ಒಂದು ಬೆರಳಿನಿಂದ ತಳ್ಳಿ ಆ ಖಾಲಿ ಜಾಗವನ್ನು ಮುಚ್ಚುತ್ತಿದ್ದಳು.

ತಿಪ್ಪೆಯ ಪಕ್ಕದ ದಿಬ್ಬಕ್ಕೆ ಗಾಡಿಯ ಹಿಂಭಾಗವನ್ನು ಒತ್ತಿ ನಿಲ್ಲಿಸಿ, ಐದಾರು ಜನ ಸೇರಿ ಹಸುವನ್ನು ಹತ್ತಿಸಿದರು. ದೊಡ್ಡವ್ವ ಕೂಡ ಹತ್ತಿದಳು. ನಾನಿಲ್ಲದಿದ್ದರೆ ಅದು ನಿಲ್ಲುವುದಿಲ್ಲ, ಮಲಗಿಬಿಡುತ್ತದೆ ಎಂದಳು. ಬಾಡಿಯ ಎಡಗಡೆಗೆ ಬೆನ್ನು ಕೊಟ್ಟು, ಹಸುವಿನ ಬೆನ್ನಿನ ಮೇಲೆ ಒಂದು ಕೈ ಇಟ್ಟು ನಿಂತಳು. ಅವಳ ಕಾಲಿನ ಕೆಳಗೆ ಸರಿಯಾಗಿ ಹಿಂದಿನ ಎಡಚಕ್ರ. ನಾನು ಅದನ್ನು ನೋಡಿದೆ. ನೋಡಿ ಮುಂದೆ ಹೋಗಿ ಕೂತೆ. ಅವಳು ಬಾಡಿಯ ತಗಡನ್ನು ಎರಡು ಸಲ ತಟ್ಟಿದಳು. ಗಾಡಿ ಹೊರಟಿತು.

ಅಪ್ಪ ನಿಧಾನವಾಗಿಯೇ ಓಡಿಸುತ್ತಿದ್ದ. ಒಳಗೆ ಇನ್ನೂ ಊದುಬತ್ತಿಯ ವಾಸನೆ. ಕನ್ನಡಿಗೆ ಕಟ್ಟಿದ್ದ ಚೆಂಡುಹೂವು ಗಾಳಿಗೆ ಒಂದೊಂದೇ ಎಸಳು ಉದುರಿಸುತ್ತಿತ್ತು. ಕಿಲೋಮೀಟರ್ ಮೀಟರು ಕೆಟ್ಟು ವರ್ಷಗಳಾಗಿವೆ. ನಾನು ರಸ್ತೆ ಬದಿಯ ಕಲ್ಲುಗಳನ್ನು ಎಣಿಸುತ್ತಿದ್ದೆ. ಅರಕಲಗೂಡಿಗೆ ಆರು. ಪೇಟೆಯಲ್ಲಿ ಪ್ರತಿ ಅಂಗಡಿಯ ಮುಂದೆಯೂ ಒಡೆದ ಕುಂಬಳಕಾಯಿ. ಅವುಗಳ ಮೇಲೆ ಚಕ್ರ ಹತ್ತದಂತೆ ಅಪ್ಪ ಅತ್ತಿತ್ತ ತಿರುಗಿಸಿಕೊಂಡು ಹೋದ. ಒಂದೊಂದು ತಿರುವಿಗೂ ಹಸು ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸುವುದು ಸೀಟಿನವರೆಗೆ ತಿಳಿಯುತ್ತಿತ್ತು. ಮೆಕ್ಯಾನಿಕ್ಕಿನ ಗ್ಯಾರೇಜು ಮುಚ್ಚಿತ್ತು. ಬಾಗಿಲಿಗೆ ಹಾರ ಹಾಕಿತ್ತು.

ಪೇಟೆ ದಾಟಿದ ಮೇಲೆ ಏಳು. ಎಂಟು. ಹತ್ತಕ್ಕೆ ನಿಲ್ಲಿಸಲು ಹೇಳುತ್ತೇನೆ, ಆಗ ಎಲ್ಲವನ್ನೂ ಹೇಳುತ್ತೇನೆ ಎಂದು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ. ಕಿಟಕಿಯ ಗಾಜು ಪೂರ್ತಿ ಇಳಿಸಿ ತಲೆಯನ್ನು ಹೊರಕ್ಕೆ ವಾಲಿಸಿದೆ. ಗಾಳಿಯ ಸದ್ದು, ಟೈರಿನ ಸದ್ದು. ಅದರ ಒಳಗೆ ಒಂದು ಸಣ್ಣ ಸದ್ದು. ಟಿಕ್. ಸ್ವಲ್ಪ ಬಿಟ್ಟು ಟಿಕ್. ಗಾಡಿ ಏರಿನಲ್ಲಿ ನಿಧಾನವಾದಾಗ ಅದೂ ನಿಧಾನವಾಯಿತು.

ಅಪ್ಪನಿಗೂ ಕೇಳಿಸಿತು. ಟೈರಿನ ಸಂದಿಯಲ್ಲಿ ಕಲ್ಲೋ ಏನೋ ಸಿಕ್ಕಿರಬೇಕು ಎಂದ.

“ಅಪ್ಪ, ನಿಲ್ಸು.”

“ಹಸು ಅಂಗಿರೋವಾಗ ಎಲ್ಲ್ ನಿಲ್ಸೋದು ಮಗ? ಇಳಿಜಾರು ದಾಟ್ಲಿ.”

“ಇಳಿಜಾರಿಗೆ ಮುಂಚೆ ನಿಲ್ಸಪ್ಪ. ಎಡಗಡೆ ನಟ್ ಸಡಿಲ ಆಗಿದೆ.”

ಅವನು ನನ್ನ ಮುಖ ನೋಡಿದ. ಗಾಡಿಯನ್ನು ಏರಿನ ತುದಿಯಲ್ಲಿ ಎಡಕ್ಕೆ ತೆಗೆದು ನಿಲ್ಲಿಸಿದ. ಮುಂದೆ ರಸ್ತೆ ಕೆರೆಯ ಏರಿಯವರೆಗೆ ಉದ್ದಕ್ಕೆ ಇಳಿದಿತ್ತು.

“ಪಾನ ಪೂಜೇಲದೆ,” ಎಂದ. ಸ್ಪ್ಯಾನರಿಗೆ ಅವನು ಪಾನ ಎನ್ನುವುದು.

ನಾನು ಸೀಟಿನ ಹಿಂದಿನಿಂದ ಗೋಣಿಚೀಲ ಎಳೆದು ಬಿಚ್ಚಿದೆ. ಸ್ಪ್ಯಾನರಿನ ಮೇಲೆ ಮೂರು ವಿಭೂತಿ ಪಟ್ಟೆಗಳು ಇನ್ನೂ ಅಳಿಸಿರಲಿಲ್ಲ. ಅವನು ಅದನ್ನು ಕೈಗೆ ತೆಗೆದುಕೊಳ್ಳಲು ಒಂದು ಕ್ಷಣ ತಡಮಾಡಿದ. ಆಮೇಲೆ ತೆಗೆದುಕೊಂಡ.

ಮೊದಲ ನಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ಒತ್ತಿದ. ತುಳಿಯಬೇಕಾಗಿಯೇ ಬರಲಿಲ್ಲ. ಮುಕ್ಕಾಲು ಸುತ್ತು ಸುಮ್ಮನೆ ತಿರುಗಿತು. ಎರಡನೆಯದು ಒಂದು ಸುತ್ತು. ಬಿಲ್ಲೆಯ ಅಂಚಿನಿಂದ ಕಪ್ಪು ಬಣ್ಣ ಹಿಸುಕಿಕೊಂಡು ಹೊರಬಂದು ಎಳೆಎಳೆಯಾಗಿ ನಿಂತಿತ್ತು. ಹೆಚ್ಚುಕಡಿಮೆ ಐದೂ ನಟ್‌ಗಳು ಹಾಗೆಯೇ. ಅಪ್ಪ ಪಕ್ಕಪಕ್ಕದವನ್ನು ಬಿಗಿ ಮಾಡುತ್ತಿದ್ದ. ಒಂದು ಬಿಟ್ಟು ಒಂದನ್ನು ಮಾಡು ಎಂದೆ. ಮಾಡಿದ. ಮೇಲಿನಿಂದ ದೊಡ್ಡವ್ವ ಬಗ್ಗಿ ನೋಡಿ, “ಪಂಚರಾ ತಮ್ಮಯ್ಯಾ?” ಎಂದು ಕೇಳಿದಳು. ಇಲ್ಲ ಅಕ್ಕಯ್ಯ, ಸುಮ್ಮನೆ ನೋಡುತ್ತಿದ್ದೇನೆ ಎಂದ ಅಪ್ಪ. ಬಲಗಡೆಯ ಚಕ್ರಕ್ಕೆ ಹೋದ. ಅಲ್ಲಿ ಅರ್ಧ ಸುತ್ತು.

ದೊಡ್ಡವ್ವ ತಗಡನ್ನು ಎರಡು ಸಲ ತಟ್ಟಿದಳು. ಇಳಿಜಾರನ್ನು ಎರಡನೇ ಗೇರಿನಲ್ಲಿ ಇಳಿದೆವು. ಕೆರೆ ಏರಿಯ ಮೇಲೆ ಎದುರಿಗೆ ಹೂವು ಕಟ್ಟಿದ ಬಸ್ಸೊಂದು ಬಂತು. ಅಪ್ಪ ಗಾಡಿಯನ್ನು ನೀರಿನ ಬದಿಯ ಕಲ್ಲುಗಳವರೆಗೆ ಸರಿಸಿ ಜಾಗ ಕೊಟ್ಟ. ಎಡಗಡೆ ನೋಡಿದರೆ ನನ್ನ ಕಿಟಕಿಯ ಕೆಳಗೆ ನೀರು. ಏರಿ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಮಾತಾಡಿದರೆ ಆ ಸದ್ದು ಕೇಳಿಸದೆ ಹೋಗಬಹುದು ಎಂದು ಇಬ್ಬರಿಗೂ ಅನ್ನಿಸಿರಬೇಕು.

ಏರಿ ದಾಟಿದ ಮೇಲೆ ಹೇಳಿದೆ. ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳು ಯಾವುವೂ ಬರಲಿಲ್ಲ. ಬಣ್ಣ, ಮೆಕ್ಯಾನಿಕ್ಕಿನ ಮಾತು, ಹತ್ತು ಕಿಲೋಮೀಟರಿನ ಲೆಕ್ಕ, ಇಷ್ಟನ್ನು ಅದೇ ಕ್ರಮದಲ್ಲಿ ಹೇಳಿದೆ. ಅಪ್ಪ ರಸ್ತೆ ನೋಡುತ್ತಲೇ ಕೇಳಿದ.

“ಬೆಳಿಗ್ಗೇನೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

ಮತ್ತೆ ಮೂರು ಕಡೆ ನಿಲ್ಲಿಸಿದೆವು. ಹತ್ತು ಕಿಲೋಮೀಟರಿನವರೆಗೆ ಕಾಯಲು ಅವನಿಗೂ ಧೈರ್ಯವಿರಲಿಲ್ಲ. ಏಳಕ್ಕೆ, ಎಂಟಕ್ಕೆ ನಿಲ್ಲಿಸಿದ. ಎರಡನೆಯ ಸಲ ನಟ್‌ಗಳು ಅರ್ಧ ಸುತ್ತು ತಿರುಗಿದವು. ಮೂರನೆಯ ಸಲ ಕಾಲು ಸುತ್ತು. ನಾಲ್ಕನೆಯ ಸಲ, ಹಾಸನದ ಹೊರವಲಯದಲ್ಲಿ, ಅವನು ಸ್ಪ್ಯಾನರಿನ ಮೇಲೆ ನಿಂತರೂ ಅಲುಗಲಿಲ್ಲ. ಬಣ್ಣ ಹಿಂಡಿಕೊಂಡು ಹೋಗುವಷ್ಟು ಹೋಗಿತ್ತು. ಹಸು ಆ ಹೊತ್ತಿಗೆ ಮೊಣಕಾಲೂರಿ ಕೂರಲು ನೋಡುತ್ತಿತ್ತು. ದೊಡ್ಡವ್ವ ಅದರ ಹೊಟ್ಟೆಗೆ ಭುಜ ಕೊಟ್ಟು ಎತ್ತಿ ಹಿಡಿದಿದ್ದಳು. ಅವಳ ಸೆರಗು, ತೋಳು ಎಲ್ಲ ಒದ್ದೆಯಾಗಿತ್ತು. ಇನ್ನು ಎಷ್ಟು ದೂರ ಎಂದು ನನ್ನನ್ನು ಕೇಳಿದಳು. ನಾಲ್ಕು ಎಂದೆ.

ಆಸ್ಪತ್ರೆಯ ಅಂಗಳದಲ್ಲಿ ಹಸುವನ್ನು ಇಳಿಸಿ ಒಳಗೆ ಕರೆದುಕೊಂಡು ಹೋದರು. ಯುವ ಡಾಕ್ಟರೊಬ್ಬರು ಭುಜದವರೆಗೆ ಕೈಗವಸು ಏರಿಸಿಕೊಂಡು ಹಿಂದೆ ಹೋದರು. ನಾನೂ ಅಪ್ಪನೂ ಹೊರಗೆ ಗಾಡಿಯ ನೆರಳಿನಲ್ಲಿ ಕಾದೆವು. ಅಪ್ಪ ಸ್ಪ್ಯಾನರನ್ನು ಟವೆಲಿನಿಂದ ಒರೆಸಿ ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದ. ಬೈಯಲಿ ಎಂದು ಕಾಯುತ್ತಿದ್ದೆ. ಪೂಜೆಯಿಂದ ಎತ್ತಿದ್ದಕ್ಕಾದರೂ ಬೈಯುತ್ತಾನೆ ಎಂದುಕೊಂಡೆ. ಅವನು ಸ್ಪ್ಯಾನರನ್ನು ತಿರುಗಿಸಿ ನೋಡುತ್ತ ಹೇಳಿದ.

“ಪಾನ ಎತ್ಕಂಡಿದ್ದು ತಪ್ಪಲ್ಲ ಬುಡು. ಬಣ್ಣ ಬಳ್ದಿದ್ದೂ ತಪ್ಪಲ್ಲ, ಕೈಯಾರೆ ಹಾಕ್ದೋನು ನಾನು. ಹಸು ಹತ್ತಿಸೋವಾಗ ಒಂದ್ಮಾತು ಅಂದಿದ್ರೆ, ಆ ಅಕ್ಕಯ್ಯನ ಆ ಚಕ್ರದ ಮ್ಯಾಲೆ ನಿಲ್ಲಿಸ್ತಿರಲಿಲ್ಲ ನಾನು.”

ಬೈದಿದ್ದರೆ ಉತ್ತರ ಕೊಡಬಹುದಿತ್ತು. ಗಡಿಯಾರದ ಲೆಕ್ಕ, ದೂರದ ಲೆಕ್ಕ, ಬೇರೆ ಗಾಡಿ ಸಿಗದಿದ್ದದ್ದು, ಎಲ್ಲದಕ್ಕೂ ನನ್ನ ಹತ್ತಿರ ಕಾರಣವಿತ್ತು. ಅವಳು ಎಲ್ಲಿ ನಿಂತಿದ್ದಾಳೆಂದು ನೋಡಿಯೂ ಮುಂದೆ ಹೋಗಿ ಕೂತದ್ದಕ್ಕೆ ಇರಲಿಲ್ಲ. ಮುಂದಿನ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಹಸುವಿನ ಜೊತೆ ನಾನು ನಿಲ್ಲಬಹುದಿತ್ತು. ಚಕ್ರದಿಂದ ಮುಂದಕ್ಕೆ ಸರಿದು ನಿಲ್ಲಿ ಎಂದಾದರೂ ಹೇಳಬಹುದಿತ್ತು.

ನಾಲ್ಕು ಗಂಟೆ ದಾಟಿದ ಮೇಲೆ ಕರು ಹೊರಗೆ ಬಂತು. ಹೆಣ್ಣುಕರು. ಮೊದಲು ಉಸಿರಾಡಲಿಲ್ಲವಂತೆ. ಮೂಗಿಗೆ ಹುಲ್ಲುಕಡ್ಡಿ ಹಾಕಿ, ಹಿಂಗಾಲು ಹಿಡಿದು ಎತ್ತಿ, ಉಜ್ಜಿದ ಮೇಲೆ ಸೀನಿತಂತೆ. ದೊಡ್ಡವ್ವ ಹೊರಗೆ ಬಂದು ಹೇಳಿದಳು. ಹೇಳುತ್ತ ಹೇಳುತ್ತ ಮೆಟ್ಟಿಲ ಮೇಲೆ ಕೂತಳು. ಹಸುವಿಗೆ ಡ್ರಿಪ್ ಹಾಕಿದ್ದರು. ರಾತ್ರಿ ಇಲ್ಲೇ ಇರಲಿ, ನಾಳೆ ಒಯ್ಯಿರಿ ಎಂದರು ಡಾಕ್ಟರು. ದೊಡ್ಡವ್ವ ಹಸುವಿನ ಹತ್ತಿರವೇ ಉಳಿದಳು. ಹೊರಡುವಾಗ ಅಪ್ಪನ ಕೈ ಹಿಡಿದುಕೊಂಡು, ಇವತ್ತು ನೀನಿಲ್ಲದಿದ್ದರೆ ಹಸು ಉಳಿಯುತ್ತಿರಲಿಲ್ಲ ಎಂದಳು. ನನ್ನ ಗಲ್ಲ ಸವರಿ, ಹಬ್ಬದ ಊಟ ಬಿಟ್ಟು ಬಂದೆಯಲ್ಲ ಮಗಳೇ ಎಂದಳು. ನಾನು ಬಾಯಿ ತೆರೆದೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಊಟ ತಂದುಕೊಡಲೇ ಎಂದು ಕೇಳಿದೆ, ಅಷ್ಟೆ.

ವಾಪಸ್ಸು ಬರುವಾಗ ಗಾಡಿ ಖಾಲಿ. ಆದರೂ ಎರಡು ಕಡೆ ನಿಲ್ಲಿಸಿ ನೋಡಿದೆವು. ನಟ್‌ಗಳು ಅಲುಗಿರಲಿಲ್ಲ. ಮನೆಗೆ ಬಂದಾಗ ನೆಂಟರೆಲ್ಲ ಹೋಗಿದ್ದರು. ಅಪ್ಪ ಸ್ಪ್ಯಾನರನ್ನು ಮಣೆಯ ಹತ್ತಿರ ತಂದ. ಅಮ್ಮ ಕುಡುಗೋಲನ್ನು ಹಿಂದಕ್ಕೆ ಸರಿಸಿ ಜಾಗ ಮಾಡಿದಳು, ಮತ್ತೆ ಕುಂಕುಮ ಇಟ್ಟಳು.

ಮರುದಿನ ವಿಜಯದಶಮಿ. ಬೆಳಿಗ್ಗೆ ಐದೂವರೆಗೆ ಎದ್ದು ಸ್ನಾನ ಮಾಡಿದೆ. ಅಮ್ಮ ಮಣೆಯ ಮುಂದೆ ದೀಪ ಹಚ್ಚಿ ಮಂಗಳಾರತಿ ಎತ್ತಿದ ಮೇಲೆ ಅಪ್ಪ ಸ್ಪ್ಯಾನರನ್ನೂ ಜಾಕನ್ನೂ ಕಣ್ಣಿಗೆ ಒತ್ತಿಕೊಂಡು ತೆಗೆದ. ಚಕ್ರ ಬಿಚ್ಚಿದೆವು. ಬಿಲ್ಲೆಗಳ ಮೇಲೆ ಹಬ್ಬಿನ ಗುರುತು ಉಂಗುರದ ಹಾಗೆ ಒತ್ತಿತ್ತು. ಅಲ್ಲಲ್ಲಿ ಬಣ್ಣ ಜಜ್ಜಿ ಉಕ್ಕು ಕಾಣುತ್ತಿತ್ತು, ಅಲ್ಲಲ್ಲಿ ಬಣ್ಣ ಹಾಗೇ ದಪ್ಪಗಿತ್ತು. ಜಗಲಿಯ ಮೇಲೆ ಕೂತು ಥಿನ್ನರ್ ಹಾಕಿ, ಬ್ಲೇಡಿನಿಂದ ಕೆರೆದು, ಉಪ್ಪುಕಾಗದದಿಂದ ನಾಲ್ಕೂ ಮುಖಗಳನ್ನು ಉಜ್ಜಿದೆ. ಎರಡು ಗಂಟೆ ಹಿಡಿಯಿತು. ವರ್ನಿಯರ್ ತಂದು ಐದೈದು ಕಡೆ ಅಳೆದೆ. ಹನ್ನೆರಡು. ಅಪ್ಪ ಚಕ್ರ ಏರಿಸಿದ. ನಟ್‌ಗಳನ್ನು ಒಂದು ಬಿಟ್ಟು ಒಂದರಂತೆ ನಾನೇ ತುಳಿದು ಬಿಗಿ ಮಾಡಿದೆ. ಅರಕಲಗೂಡಿನವರೆಗೆ ಹೋಗಿ ನಿಲ್ಲಿಸಿ ಮತ್ತೊಮ್ಮೆ ನೋಡಿದೆ. ಒಂದೂ ತಿರುಗಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಹಸು ಎದ್ದು ನಿಂತು ಹುಲ್ಲು ತಿನ್ನುತ್ತಿತ್ತು. ಕರುವನ್ನು ಗೋಣಿಚೀಲದ ಮೇಲೆ ಮಲಗಿಸಿದ್ದರು. ಎಲ್ಲವನ್ನೂ ಗಾಡಿಗೆ ಹತ್ತಿಸಿದ ಮೇಲೆ ದೊಡ್ಡವ್ವ ಹಿಂದಕ್ಕೆ ಕಾಲಿಡಲು ಹೋದಳು. ಅವಳ ತೋಳು ಹಿಡಿದು ನಿಲ್ಲಿಸಿದೆ. ನಿನ್ನೆ ಚಕ್ರ ಸಡಿಲವಾಗಿತ್ತು, ನಾನು ಬಳಿದ ಬಣ್ಣದಿಂದ ಹಾಗಾಗಿತ್ತು, ಸಡಿಲವಾಗಬಹುದು ಎಂದು ನನಗೆ ಬೆಳಿಗ್ಗೆಯೇ ಗೊತ್ತಿತ್ತು, ನೀವು ಅದರ ಮೇಲೆ ನಿಂತದ್ದನ್ನು ನೋಡಿಯೂ ಹೇಳಲಿಲ್ಲ ಎಂದೆ. ಅವಳು ಚಕ್ರವನ್ನು ನೋಡಿದಳು. ನನ್ನನ್ನು ನೋಡಿದಳು.

“ಅದ್ಕೇನಾ ನಾಕ್ನಾಕ್ ಸಲ ನಿಲ್ಸಿದ್ದು? ನಾನು ನಿಮ್ಮಪ್ಪಂಗೆ ಸಕ್ರೆ ಕಾಯ್ಲೆ ಬಂದದೆ, ಪಾಪ, ಒಂದಕ್ಕೆ ಇಳೀತಾ ಅವ್ನೆ ಅಂದ್ಕಂಡೆ.”

ಅಪ್ಪ ಮುಖ ಆಚೆ ತಿರುಗಿಸಿದ. ದೊಡ್ಡವ್ವ ನಗಲಿಲ್ಲ. ಬಗ್ಗಿ ಚಕ್ರದ ನಟ್ ಒಂದನ್ನು ಬೆರಳಿನಿಂದ ಒತ್ತಿ ನೋಡಿದಳು.

“ಇವತ್ತು?” ಎಂದಳು.

“ಇವತ್ತು ಬಿಗಿ ಇದೆ, ದೊಡ್ಡವ್ವ.”

“ಇದ್ರೂ ನಾನ್ ಮುಂದೇನೇ ಕೂತ್ಕತೀನಿ ಕಣವ್ವ.”

ಅವಳು ಮುಂದೆ ಹೋಗಿ ಕೂತು ಬಾಗಿಲನ್ನು ಎರಡು ಸಲ ಎಳೆದು ಹಾಕಿಕೊಂಡಳು. ನಾನು ಹಿಂದಕ್ಕೆ ಹತ್ತಿ, ಎಡಚಕ್ರದ ಮೇಲೆ, ಬಾಡಿಯ ಬದಿಗೆ ಬೆನ್ನು ಕೊಟ್ಟು ನಿಂತೆ. ಹಸುವಿನ ಬೆನ್ನಿನ ಮೇಲೆ ಕೈ ಇಟ್ಟೆ. ಆಮೇಲೆ ತಗಡನ್ನು ಎರಡು ಸಲ ತಟ್ಟಿದೆ.